‘ಹಿಸ್ಟಾರಿಕ್’, ‘ಹಿಸ್ಟಾರಿಕಲ್’ ಮತ್ತು ನಮ್ಮ ‘ಐತಿಹಾಸಿಕ’

ಒಂದು ವಿಶೇಷಣದ ದೆಸೆಯಿಂದ ನಮ್ಮ ಅರ್ಜಿಯೊಂದು ನಿಷ್ಫಲವಾಯಿತು. ಆ ಪ್ರಸಂಗದಿಂದಲೇ ಇಂದಿನ ಮಾತನ್ನು ಆರಂಭಿಸುತ್ತೇವೆ. ಇಂಗ್ಲಿಷಿನಲ್ಲಿ ‘ಹಿಸ್ಟಾರಿಕ್’ ಎಂದೂ ‘ಹಿಸ್ಟಾರಿಕಲ್’ ಎಂದೂ ಎರಡು ಪದಗಳುಂಟು. ಅವೆರಡರ ಭೇದವೇನು, ಎಲ್ಲಿ ಯಾವುದು ಸಲ್ಲತಕ್ಕುದು ಎಂಬುದೇ ನಮ್ಮ ವಿಷಯ. ವ್ಯಾಕರಣದ ಮಾತೆಂದು ಕೇಳುವವರು ಬೇಸರಪಡಬಾರದಾಗಿ ಬೇಡುತ್ತೇವೆ. ಈ ಭೇದ ಮರೆತುಹೋದುದರಿಂದ ಕೆಲವು ಪುಸ್ತಕಗಳು ರದ್ದಿ ಅಂಗಡಿಯ ತಕ್ಕಡಿಯನ್ನು ಏರಬೇಕಾಯಿತು.

ನಾವು ತುಮಕೂರಿನಲ್ಲಿ ಇಂಗ್ಲಿಷು ಪಾಠ ಹೇಳುವವರು. ಗುಬ್ಬಿಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ಬಟ್ಟೆಯಲ್ಲಿ ಸುತ್ತಿದ ಹನ್ನೊಂದು ನೋಟುಪುಸ್ತಕಗಳನ್ನು ತಂದು ನಮ್ಮ ಮುಂದಿಟ್ಟನು. ಅವನ ತಾತ ಒಂದು ಸಣ್ಣ ನಾಟಕದ ಕಂಪೆನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಲೆಕ್ಕ ಬರೆಯುವ ಕೆಲಸವೂ ಅವರದೇ. “ಅಟ್ಟದ ಮೇಲಿದ್ದುವು, ಸಾರ್. ದೊಡ್ಡಪ್ಪ ತೂಕಕ್ಕೆ ಹಾಕುತ್ತೇನೆ ಎನ್ನುತ್ತಾರೆ” ಎಂದು ಹೇಳಿದನು. ನಾವು ತೆರೆದು ನೋಡಿದೆವು. ಹಾಡುಗಳು, ಅವುಗಳ ರಾಗ ತಾಳಗಳು, ಯಾರು ಯಾವ ಪಾರ್ಟು ಮಾಡಿದರೆಂಬ ಪಟ್ಟಿ, ಸಂಬಳದ ಮುಂಗಡ, ದೀಪದ ಎಣ್ಣೆಯ ಖರ್ಚು, ಪರದೆ ಹೊರುವ ಗಾಡಿಯ ಬಾಡಿಗೆ ಎಲ್ಲವೂ ಇದ್ದುವು. ಒಂದು ಪುಟದಲ್ಲಿ “ಮೊಕ್ಕಾಂ ಕುಣಿಗಲ್. ಮಳೆ. ಆಟ ಇಲ್ಲ. ಊಟಕ್ಕೆ ಸಾಲ” ಎಂದಿಷ್ಟೇ ಇತ್ತು.

ಇವನ್ನು ಕಾಪಾಡಬೇಕೆಂದು ನಾವು ಒಂದು ಕಚೇರಿಗೆ ಬರೆದುಕೊಂಡೆವು. ಬೇಡಿದುದು ಹೆಚ್ಚೇನಲ್ಲ, ಒಂದು ಕಪಾಟು ಮತ್ತು ಮಳೆ ಸೋರದ ಒಂದು ಕೋಣೆ. ಕರಡನ್ನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿಯೇ ಮಾಡಿದೆವು; ಅಲ್ಲಿ ‘ಹಿಸ್ಟಾರಿಕಲ್’ ಎಂದು ಸರಿಯಾಗಿಯೇ ಬರೆದಿದ್ದೆವು. ಕನ್ನಡಕ್ಕೆ ತಿರುಗಿಸುವಾಗ ‘ಐತಿಹಾಸಿಕ ದಾಖಲೆಗಳು’ ಎಂದಾಯಿತು. ಎರಡು ತಿಂಗಳ ಮೇಲೆ ಉತ್ತರ ಬಂದಿತು: ಸದರಿ ಪುಸ್ತಕಗಳಲ್ಲಿ ಐತಿಹಾಸಿಕ ಮಹತ್ತ್ವವುಳ್ಳ ಘಟನೆ ಯಾವುದೂ ಕಂಡುಬರುವುದಿಲ್ಲ. ಮೊದಲು ನಮಗೆ ಸಿಟ್ಟು ಬಂದುದು ನಿಜ. ಆಮೇಲೆ ವಿಚಾರಮಾಡಿದಾಗ ಉತ್ತರ ಬರೆದವರ ತಪ್ಪು ಬಹಳವಿಲ್ಲವೆಂದು ತೋರಿತು. ನಾವು ‘ಹಿಸ್ಟಾರಿಕಲ್’ ಎಂದು ನೆನೆದು ಬರೆದುದನ್ನು ಅವರು ‘ಹಿಸ್ಟಾರಿಕ್’ ಎಂದು ಓದಿಕೊಂಡರು. ಕನ್ನಡದ ಪದ ಎರಡಕ್ಕೂ ಎಡೆಗೊಟ್ಟಿತು.

ಹಾಗಾದರೆ ಭೇದವೇನು? ಹಿಂದೆ ನಡೆದುದಕ್ಕೆ ಸಂಬಂಧಪಟ್ಟುದು, ಚರಿತ್ರೆಯ ಅಭ್ಯಾಸಕ್ಕೆ ಸೇರಿದುದು, ಕಟ್ಟುಕತೆಯಾಗಿರದೆ ನಿಜವಾಗಿ ಇದ್ದುದು, ಇವೆಲ್ಲ ‘ಹಿಸ್ಟಾರಿಕಲ್’. ಚರಿತ್ರೆಯಲ್ಲಿ ನೆನಪಾಗಿ ನಿಲ್ಲತಕ್ಕುದು, ಮುಂದಿನ ದಾರಿಯನ್ನು ಬದಲಾಯಿಸಿದುದು ‘ಹಿಸ್ಟಾರಿಕ್’. ಮೊದಲನೆಯದು ವಸ್ತುವಿನ ಜಾತಿಯನ್ನು ಹೇಳುವುದು. ಎರಡನೆಯದು ಅದರ ಮೇಲೆ ನಮ್ಮ ತೀರ್ಪನ್ನು ಹೇಳುವುದು. ಎರಡಕ್ಕೂ ಮೂಲ ಒಂದೇ: ಗ್ರೀಕರು ವಿಚಾರಣೆ, ಅರಸಿ ತಿಳಿಯುವಿಕೆ ಎಂಬ ಅರ್ಥದಲ್ಲಿ ಬಳಸುತ್ತಿದ್ದ ‘ಹಿಸ್ಟೊರಿಯ’. ಬಹುಕಾಲ ಇಂಗ್ಲಿಷಿನವರೂ ಎರಡನ್ನೂ ಬೆರಸಿಯೇ ಬಳಸುತ್ತಿದ್ದರು. 1926ರಲ್ಲಿ ಪ್ರಕಟವಾದ ಫೌಲರನ ಪದಪ್ರಯೋಗ ಕೋಶವು, ಸಾಧಾರಣವಾಗಿ ಸಲ್ಲುವ ಪದ ‘ಹಿಸ್ಟಾರಿಕಲ್’, ಸ್ಮರಣೀಯವೆಂಬ ಅರ್ಥಕ್ಕೆ ಮಾತ್ರ ‘ಹಿಸ್ಟಾರಿಕ್’ ಎಂದು ಗೆರೆ ಎಳೆಯಿತು. ಹಳೆಯ ಬೆರಕೆಯ ಗುರುತು ವ್ಯಾಕರಣದಲ್ಲಿ ಇನ್ನೂ ಉಳಿದಿದೆ. ಕಳೆದ ಸಂಗತಿಯನ್ನು “ರಾಮನು ಬಿಲ್ಲನ್ನು ಎತ್ತುತ್ತಾನೆ” ಎಂದು ವರ್ತಮಾನದಲ್ಲಿ ಹೇಳುವ ರೀತಿಗೆ ‘ಹಿಸ್ಟಾರಿಕ್ ಪ್ರೆಸೆಂಟ್’ ಎಂದೇ ಹೆಸರು. ಅದರಲ್ಲಿ ಸ್ಮರಣೀಯವಾದುದೇನೂ ಇಲ್ಲ. ನಮ್ಮ ಹರಿಕಥೆಯ ದಾಸರಿಗೆ ಈ ಪ್ರಯೋಗ ಹೆಸರಿಲ್ಲದೆಯೇ ಸಿದ್ಧಿಸಿದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ಗುಬ್ಬಿಯನ್ನೇ ತೆಗೆದುಕೊಳ್ಳಬಹುದು. 1884ರಲ್ಲಿ ಆ ಊರಿನಲ್ಲಿ ಚನ್ನಬಸವೇಶ್ವರ ನಾಟಕ ಕಂಪೆನಿ ಹುಟ್ಟಿತು. 1891ರಲ್ಲಿ ಜನಿಸಿ 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರು ಅದನ್ನು ನಾಡಿನ ಹೊರಗೂ ಹೆಸರಾಗುವಂತೆ ಬೆಳೆಸಿದರು. ನಾಟಕದವರು ತಮ್ಮ ಆಟಗಳನ್ನು ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂದು ಮೂರಾಗಿ ವಿಂಗಡಿಸುತ್ತಾರೆ. ಈ ವಿಂಗಡಣೆಯಲ್ಲಿ ‘ಐತಿಹಾಸಿಕ’ ಎಂದರೆ ಶುದ್ಧವಾಗಿ ‘ಹಿಸ್ಟಾರಿಕಲ್’. ಅರಸರ, ಪಾಳೆಯಗಾರರ ಕತೆಯಾದರೆ ಸಾಕು. ಆಟ ಮೊದಲ ರಾತ್ರಿಯೇ ಬಿದ್ದುಹೋದರೂ ಅದು ಐತಿಹಾಸಿಕ ನಾಟಕವೇ. ಇದಕ್ಕೆ ಎದುರಾಗಿ ವೀರಣ್ಣನವರ ‘ಕುರುಕ್ಷೇತ್ರ’ವನ್ನು ನೋಡಿ. ವಸ್ತು ಭಾರತದ್ದು, ಆದುದರಿಂದ ಪೌರಾಣಿಕ. ಆದರೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಆ ಪ್ರಯೋಗ ಕನ್ನಡ ರಂಗಭೂಮಿಯ ಕಥೆಯಲ್ಲಿ ಮರೆಯುವಂಥದಲ್ಲ. ‘ಹಿಸ್ಟಾರಿಕಲ್’ ನಾಟಕವಲ್ಲದಿದ್ದರೂ ಅದು ‘ಹಿಸ್ಟಾರಿಕ್’ ಪ್ರದರ್ಶನ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ವೂ ಹೀಗೆಯೇ. ಇಂದ್ರಜಿತನ ಮಡದಿಯ ಕತೆ ರಾಮಾಯಣಕ್ಕೆ ಸೇರಿದುದು. ಕನ್ನಡದ ಮೊದಲ ವಾಕ್ಚಿತ್ರವೆಂಬ ಹಿರಿಮೆ ಚರಿತ್ರೆಗೆ ಸೇರಿದುದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕೊಡಗಿನ ಕಡೆಯ ಅರಸನ ಕತೆಯಾದುದರಿಂದ ‘ಹಿಸ್ಟಾರಿಕಲ್’ ಕಾದಂಬರಿ. ಅದನ್ನು ‘ಹಿಸ್ಟಾರಿಕ್’ ಕಾದಂಬರಿ ಎಂದರೆ ಬೇರೆಯೇ ಒಂದು ಹೊಗಳಿಕೆಯಾಗುವುದು; ಅದೂ ಸಲ್ಲಬಹುದು, ಆದರೆ ಆಗ ಕಾರಣ ಹೇಳಬೇಕಾಗುವುದು.

ತುಮಕೂರಿನ ಸಮೀಪದ ಕೈದಾಳದಲ್ಲಿ ಈ ಪದದ ಇನ್ನೊಂದು ಮುಖ ಕಾಣುವುದು. ಅಲ್ಲಿಯ ಚೆನ್ನಕೇಶವ ದೇವಾಲಯವನ್ನು ನೋಡಹೋದವರಿಗೆ ಜಕಣಾಚಾರಿಯ ಕಥೆಯನ್ನು ಹೇಳದೆ ಯಾರೂ ಕಳುಹಿಸುವುದಿಲ್ಲ. ಮಗ ಡಂಕಣನು ತಂದೆಯ ವಿಗ್ರಹದಲ್ಲಿ ದೋಷ ತೋರಿಸಿದುದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದುದು, ತಂದೆ ಕೈ ಕತ್ತರಿಸಿಕೊಂಡುದು, ಈ ಊರಿನಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದುದು, ಅದರಿಂದಲೇ ಊರಿಗೆ ಕೈದಾಳವೆಂಬ ಹೆಸರಾದುದು. ಕೇಳಲು ಬಹಳ ಸೊಗಸು. ನಾವೂ ಮಕ್ಕಳಿಗೆ ಹೇಳಿದ್ದೇವೆ, ಇನ್ನು ಮುಂದೆಯೂ ಹೇಳುವೆವು. ಆದರೆ ದೇವಾಲಯದ ಕಾಲವನ್ನೂ ಕಟ್ಟಿಸಿದವನನ್ನೂ ತಿಳಿಸುವುದು ಶಾಸನ. ಅದರ ಪ್ರಕಾರ ಕಟ್ಟಿಸಿದವನು ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿ. ಕಾಲ 1150ರ ಸುಮಾರು. ಇಂಗ್ಲಿಷಿನಲ್ಲಿ ಗೂಳಿ ಬಾಚಿಯನ್ನು ‘ಹಿಸ್ಟಾರಿಕಲ್’ ವ್ಯಕ್ತಿಯೆಂದು ಸಂಶಯವಿಲ್ಲದೆ ಹೇಳಬಹುದು. ಜಕಣಾಚಾರಿಯನ್ನು ಹಾಗೆನ್ನಲು ಸಮಕಾಲದ ಸಾಕ್ಷ್ಯ ಬೇಕು. ಊರಿನ ಹತ್ತು ಜನರನ್ನು ಕೇಳಿದರೆ ಹತ್ತೂ ಮಂದಿ ಜಕಣನನ್ನು ಬಲ್ಲರು. ಬಾಚಿಯ ಹೆಸರು ಕೇಳಿದವರು ಒಬ್ಬರು ಸಿಕ್ಕಿದರೆ ಭಾಗ್ಯ. ಪ್ರಸಿದ್ಧಿ ಬೇರೆ, ಸಾಕ್ಷ್ಯ ಬೇರೆ. ‘ಹಿಸ್ಟಾರಿಕಲ್’ ಎಂಬ ಪದ ಪ್ರಸಿದ್ಧಿಯನ್ನು ಕೇಳುವುದೇ ಇಲ್ಲ.

ಕುಣಿಗಲ್ಲಿನ ಕುದುರೆ ಫಾರಮ್ಮಿನ ವಿಷಯದಲ್ಲಿ ಎರಡು ಪದಗಳೂ ಹತ್ತಿರ ಬರುತ್ತವೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಬೆಳೆಸಿದ ಸ್ಥಳ ಅದು. ಅಲ್ಲಿ ಯುದ್ಧ ನಡೆದುದರಿಂದಾಗಲಿ, ಒಪ್ಪಂದಕ್ಕೆ ರುಜು ಬಿದ್ದುದರಿಂದಾಗಲಿ ಅದಕ್ಕೆ ಹೆಸರು ಬಂದುದಲ್ಲ. ಕುದುರೆಗಳು ಹುಟ್ಟಿದುವು, ಬೆಳೆದುವು, ಹೊರಟುಹೋದುವು. ಇಂಥ ಕಡೆ ಒಂದು ಹಳೆಯ ಲಾಯದ ಪಟ್ಟಿ ದೊರೆತರೆ ಅದು ‘ಹಿಸ್ಟಾರಿಕಲ್’. ಸ್ಥಳವನ್ನು ‘ಹಿಸ್ಟಾರಿಕ್’ ಎಂದು ಕರೆಯುವವರೊಡನೆ ನಾವು ಜಗಳವಾಡುವುದಿಲ್ಲ.

ಇನ್ನು ನಮ್ಮ ಪದದ ಮಾತು. ‘ಇತಿಹಾಸ’ವೆಂದರೆ ‘ಇತಿ ಹ ಆಸ’, ಹೀಗೆಯೇ ಇದ್ದಿತು ಎಂದು ಅರ್ಥ. ಸಂಸ್ಕೃತದಲ್ಲಿ ಭಾರತವೇ ಇತಿಹಾಸ. ನಾಟಕದವರು ಅದನ್ನು ಪುರಾಣದ ಪಾಲಿಗೆ ಹಾಕಿ ಇತಿಹಾಸವನ್ನು ಅರಸರಿಗೆ ಬಿಟ್ಟುಕೊಟ್ಟರು. ಪತ್ರಿಕೆಗಳ ಕೈಗೆ ಬಂದ ಮೇಲೆ ಪದ ಮತ್ತೆ ಜಾರಿತು. ಈಗ ಮೆರವಣಿಗೆ ಐತಿಹಾಸಿಕ, ಅಧಿವೇಶನ ಐತಿಹಾಸಿಕ, ನಾಳೆ ನಡೆಯಲಿರುವ ಸಭೆಯೂ ಇಂದೇ ಐತಿಹಾಸಿಕ. ಹೀಗೆ ದಿನವೂ ‘ಹಿಸ್ಟಾರಿಕ್’ ಎಂಬ ಅರ್ಥವೇ ಕಿವಿಗೆ ಬಿದ್ದು, ‘ಹಿಸ್ಟಾರಿಕಲ್’ ಎಂಬ ಸಾಧು ಅರ್ಥ ಮೂಲೆಗೆ ಸರಿದಿದೆ. ನಷ್ಟವಾದುದು ಇಲ್ಲಿಯೇ. ದೊಡ್ಡ ಘಟನೆ ಇರದ ಕಾಗದ, ದೊಡ್ಡ ಹೆಸರು ಇರದ ಮನುಷ್ಯ ಚರಿತ್ರೆಗೆ ಬೇಡವೆಂಬ ಭಾವನೆ ಪದದ ಹಿಂದೆಯೇ ಬಂದುಬಿಡುತ್ತದೆ. ಗುಬ್ಬಿ ಕಂಪೆನಿಯ ಕೀರ್ತಿಯನ್ನು ಬರೆಯುವವರು ಬೇಕಾದಷ್ಟಿದ್ದಾರೆ. ಮಳೆ ಬಂದ ರಾತ್ರಿ ಸಣ್ಣ ಕಂಪೆನಿಯೊಂದು ಏನನ್ನು ಉಂಡಿತೆಂದು ತಿಳಿಯಬೇಕಾದರೆ ಆ ಹಾರ್ಮೋನಿಯಂ ತಾತನ ಪುಸ್ತಕವೇ ಬೇಕು.

‘ಹಿಸ್ಟಾರಿಕಲ್’ಗೆ ‘ಚಾರಿತ್ರಿಕ’ವನ್ನೂ ‘ಹಿಸ್ಟಾರಿಕ್’ಗೆ ‘ಐತಿಹಾಸಿಕ’ವನ್ನೂ ಕಟ್ಟಿಕೊಟ್ಟರೆ ತೊಡಕು ತೀರುವುದೆಂದು ಮಿತ್ರರೊಬ್ಬರು ಸೂಚಿಸಿದರು. ಸೂಚನೆ ಚೆಲುವಾಗಿದೆ, ನಡೆಯುವುದೆಂಬ ನಂಬಿಕೆ ನಮಗಿಲ್ಲ. ಜನ ಈಗಾಗಲೇ ಎರಡನ್ನೂ ಒಂದೇ ಎಂದು ಆಡುತ್ತಿದ್ದಾರೆ, ‘ಚಾರಿತ್ರಿಕ’ದ ಪಕ್ಕದಲ್ಲಿ ‘ಚಾರಿತ್ರ್ಯ’ವೆಂಬ ನಡತೆಯ ಅರ್ಥದ ಪದವೂ ಕುಳಿತಿದೆ. ವಿಶೇಷಣವನ್ನು ಬಿಟ್ಟು ಸಂಗತಿಯನ್ನೇ ಬಿಡಿಸಿ ಹೇಳುವುದು ಮೇಲು.

ನಾವು ಎರಡನೆಯ ಅರ್ಜಿಯನ್ನು ಹಾಗೆಯೇ ಬರೆದೆವು. ‘ಐತಿಹಾಸಿಕ’ವೆಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ. ಈ ಪುಸ್ತಕಗಳಿಂದ ಆ ಕಾಲದ ಕೂಲಿ ಎಷ್ಟು, ಎಣ್ಣೆಯ ಬೆಲೆ ಎಷ್ಟು, ಯಾವ ಊರಿನಲ್ಲಿ ಯಾವ ಆಟಕ್ಕೆ ಜನ ಸೇರುತ್ತಿದ್ದರು, ಯಾವ ಹಾಡನ್ನು ಯಾವ ರಾಗದಲ್ಲಿ ಹಾಡುತ್ತಿದ್ದರು ಎಂಬುದು ತಿಳಿಯುವುದೆಂದು ಬರೆದು, ಒಂದೆರಡು ಪುಟಗಳ ನಕಲನ್ನು ಲಗತ್ತಿಸಿದೆವು. ಈ ಸಾರಿ ಕಪಾಟು ಮಂಜೂರಾಯಿತು. ಸುದ್ದಿ ಹೇಳಲು ವಿದ್ಯಾರ್ಥಿಯನ್ನು ಕರೆಸಿದೆವು. ಅವನು ತಲೆ ತಗ್ಗಿಸಿ ನಿಂತನು. ಮೊದಲ ಉತ್ತರ ಬಂದ ವಾರವೇ ಅವನ ದೊಡ್ಡಪ್ಪ, ಕಚೇರಿಯವರೇ ಬೇಡವೆಂದರಲ್ಲ ಎಂದು, ಕೈಗೆ ಸಿಕ್ಕಿದ ನಾಲ್ಕನ್ನು ಮಾರಿಬಿಟ್ಟಿದ್ದರು. ಕಪಾಟಿನಲ್ಲಿ ಈಗ ಏಳು ಪುಸ್ತಕಗಳಿವೆ. ಕುಣಿಗಲ್ಲಿನ ಮಳೆಯ ಪುಟ ಅವುಗಳಲ್ಲಿ ಉಳಿದುಕೊಂಡಿದೆ.