ನಿಮಗಿದು ಗೊತ್ತೆ? ಕಡಲಿನಿಂದ ಕಾವೇರಿಗೆ
ಹಿಲ್ಸಾ ಮೀನು ಬಾಳುವುದು ಉಪ್ಪುನೀರಿನಲ್ಲಿ, ಮೊಟ್ಟೆಯಿಡುವುದು ಸಿಹಿನೀರಿನಲ್ಲಿ. ಹೊಳೆಗೆ ಹೊಸ ನೀರು ಬಂದಾಗ ಸೆಳೆತಕ್ಕೆ ಎದುರಾಗಿ ಈಜಿ ಬರುವ ಇದನ್ನು ದಾರಿಯಲ್ಲೇ ಬಲೆಗೆ ಕೆಡಹುವುದು ಬೆಸ್ತರ ಹಳೆಯ ಉಪಾಯ. ಕಾವೇರಿಯಲ್ಲೂ ಹಿಲ್ಸಾ ಬರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಆ ಫಸಲು ಕುಸಿಯಿತು. ಅಣೆಕಟ್ಟು ಇಲ್ಲದಿದ್ದರೂ ಕೊಳ್ಳೇಗಾಲದವರಿಗೆ ಅದು ದಕ್ಕುತ್ತಿರಲಿಲ್ಲ ಅನ್ನಿ: ಮೊದಲು ಹೊಗೇನಕಲ್ ಜಲಪಾತ, ಅದನ್ನು ದಾಟಿದರೆ ಭರಚುಕ್ಕಿ. ಅಷ್ಟೆತ್ತರ ಹತ್ತೀತೆ?

ಹನೂರು ಕಡೆಯ ಕಾವೇರಿಗೆ ದೊರೆ ಬೇರೆಯೇ ಇದೆ. ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್. ಮಳೆಗಾಲದಲ್ಲಿ ಇದೂ ಹೊಳೆಯ ಮೇಲಕ್ಕೆ ಹೊರಡುತ್ತದೆ, ಸಮುದ್ರದ ಮುಖ ಮಾತ್ರ ಕಂಡಿಲ್ಲ. ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಇದಕ್ಕೆ ಖಚಿತವಾದದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.