ಗದಾಪರ್ವದ ಮುಂದೇನು?

ಕವಿ ತನ್ನ ಕಥೆ ಮುಗಿಯಿತೆಂದು ಮಂಗಳ ಹಾಡಿದ ಮೇಲೂ ‘ಮುಂದೇನಾಯಿತು?’ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇಂಗ್ಲಿಷಿನ ಅದ್ಭುತ ಕಥಾಮಾಲೆಗಳನ್ನು ಓದುವ ನಮ್ಮ ತರುಣರನ್ನೇ ನೋಡಿ. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕನ್ ಲೇಖಕನ ಕಥಾಮಾಲೆಯ ಐದನೆಯ ಸಂಪುಟ ೨೦೧೧ರಲ್ಲಿ ಹೊರಬಂದಿತು. ಆ ಮೇಲೆ ಆರನೆಯದಕ್ಕಾಗಿ ಅವರು ವರ್ಷಗಟ್ಟಲೆ ಕಾದದ್ದನ್ನೂ, ಕಾದು ಬೇಸತ್ತು ಲೇಖಕನನ್ನು ಬೈದದ್ದನ್ನೂ, ಬೈದ ಮೇಲೆ ಮತ್ತೆ ಕಾದದ್ದನ್ನೂ ನಾನು ಬಲ್ಲೆ. ಅವರ ಅಸಹನೆ ನನಗೆ ಹೊಸದೆಂದು ತೋರಲಿಲ್ಲ. ಕನ್ನಡದಲ್ಲಿ ಇಂಥದೊಂದು ಕಾಯುವಿಕೆ ಐದು ನೂರು ವರ್ಷಗಳ ಹಿಂದೆಯೇ ನಡೆದುಹೋಗಿದೆ. ಕಾದ ಕಾವ್ಯ ಬಂದೂ ಬಂದಿತು. ಅದು ಕಾದವರ ಮನಸ್ಸನ್ನು ತಣಿಸಿತೇ ಎಂಬುದು ಇಂದಿನ ವಿಚಾರ.

ಗದುಗಿನ ನಾರಣಪ್ಪ ವೀರನಾರಾಯಣನ ಗುಡಿಯಲ್ಲಿ, ಉಟ್ಟ ಬಟ್ಟೆಯ ತೇವ ಆರುವವರೆಗೆ ಮಾತ್ರ ಕಾವ್ಯ ರಚಿಸುತ್ತಿದ್ದನೆಂದು ಪ್ರತೀತಿಯಿದೆ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿದ್ದ ಈ ಕುಮಾರವ್ಯಾಸ ಆದಿಪರ್ವದಿಂದ ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ. ಎಂಟು ಸಾವಿರಕ್ಕೂ ಮಿಕ್ಕ ಪದ್ಯಗಳು. ದುರ್ಯೋಧನನ ತೊಡೆ ಮುರಿದು, ಅಶ್ವತ್ಥಾಮನ ಇರುಳ ಕಗ್ಗೊಲೆ ನಡೆದು, ಗಾಂಧಾರಿಯ ಶೋಕ ಮುಗಿದು, ಧರ್ಮರಾಯನಿಗೆ ಪಟ್ಟವಾಗುತ್ತದೆ. ಅಲ್ಲಿಗೆ ಕವಿ ನಿಲ್ಲಿಸಿಬಿಟ್ಟ. ವ್ಯಾಸರ ಭಾರತದಲ್ಲಿಯಾದರೋ ಇನ್ನೂ ಬಹಳ ಉಳಿದಿದೆ. ಶರಶಯ್ಯೆಯ ಭೀಷ್ಮ ಧರ್ಮರಾಯನಿಗೆ ಹೇಳುವ ಶಾಂತಿಪರ್ವವಿದೆ, ಅನುಶಾಸನವಿದೆ. ಅಶ್ವಮೇಧವಿದೆ. ಮುದುಕರೆಲ್ಲ ಕಾಡಿಗೆ ಹೋಗುವ ಆಶ್ರಮವಾಸಿಕ, ಯಾದವರು ತಮ್ಮತಮ್ಮಲ್ಲೇ ಬಡಿದಾಡಿ ಸಾಯುವ ಮೌಸಲ, ಹಿಮಾಲಯದ ಹಾದಿಯಲ್ಲಿ ಒಬ್ಬೊಬ್ಬರೇ ಉರುಳುವ ಮಹಾಪ್ರಸ್ಥಾನ, ಕೊನೆಗೆ ಸ್ವರ್ಗಾರೋಹಣ.

ಏಕೆ ನಿಲ್ಲಿಸಿದ? ಆಯುಸ್ಸು ಸಾಲದೆ ಹೋಯಿತೆನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಪಟ್ಟಾಭಿಷೇಕಕ್ಕೆ ಕಥೆ ನಿಲ್ಲಿಸುವುದು ಕನ್ನಡದ ಹಳೆಯ ಸಂಪ್ರದಾಯ. ಕ್ರಿ. ಶ. ೯೪೧ರ ಸುಮಾರಿನಲ್ಲಿ ಪಂಪ ಅರ್ಜುನನಿಗೆ ಪಟ್ಟ ಕಟ್ಟಿ ನಿಲ್ಲಿಸಿದ, ರನ್ನ ಭೀಮನಿಗೆ ಕಟ್ಟಿ ನಿಲ್ಲಿಸಿದ. ಇದಲ್ಲದೆ ಇನ್ನೊಂದು ಕಾರಣವೂ ಇದ್ದೀತು. ನಾರಣಪ್ಪ ತಾನು ಹೇಳುವುದು ಕೃಷ್ಣನ ಕಥೆಯೆಂದು ಮೊದಲಿಗೇ ಸಾರಿದವನು. ಅಂಥವನು ಮೌಸಲಪರ್ವಕ್ಕೆ ಹೋದರೆ, ಆ ಕೃಷ್ಣ ಒಬ್ಬ ಬೇಡನ ಬಾಣಕ್ಕೆ ಸಿಕ್ಕಿ ಕಾಡಿನಲ್ಲಿ ಒಂಟಿಯಾಗಿ ಸಾಯುವುದನ್ನು ತನ್ನ ಬಾಯಿಂದಲೇ ಹೇಳಬೇಕಾಗುತ್ತಿತ್ತು. ಅವನು ಆ ಕಡೆಗೆ ಮುಖ ತಿರುಗಿಸಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ.

ಆದರೆ ಕವಿಗೆ ಮುಗಿದದ್ದು ಕೇಳುಗನಿಗೆ ಮುಗಿಯಬೇಕಲ್ಲ. ಇದಕ್ಕೊಂದು ಉದಾಹರಣೆಯನ್ನು ನಮ್ಮ ಸೀಮೆಯಿಂದಲೇ ಕೊಡುತ್ತೇನೆ. ಗೌರಿಬಿದನೂರಿಗೆ ಸಮೀಪದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥದ ಹೆಸರನ್ನು ಕೇಳದವರು ವಿರಳ. ೧೯೩೮ರ ಏಪ್ರಿಲ್ ೨೫ರಂದು ಅಲ್ಲಿ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರು ಆ ಊರನ್ನು ಚರಿತ್ರೆಗೆ ಸೇರಿಸಿತು. ಅದಕ್ಕೂ ಎಷ್ಟೋ ಮುಂಚಿನಿಂದ ಅದು ಪುರಾಣಕ್ಕೆ ಸೇರಿದ ಊರು. ವಿದುರನೇ ನೆಟ್ಟನೆಂದು ನಂಬಲಾದ ಅರಳಿಮರ, ಅದರ ಸುತ್ತ ಹರಕೆಯವರು ಪ್ರತಿಷ್ಠಾಪಿಸಿದ ಸಾವಿರಾರು ನಾಗರಕಲ್ಲುಗಳು. ಆ ಹಳೆಯ ಮರ ೨೦೦೧ರಲ್ಲಿ ಉರುಳಿತು, ಹೆಸರು ಉರುಳಲಿಲ್ಲ. ಯುದ್ಧ ಮುಗಿದ ಮೇಲೆ ನೊಂದ ವಿದುರ ಮೈತ್ರೇಯ ಮುನಿಯ ಸನ್ನಿಧಿಗೆ ಬಂದು ಇಲ್ಲಿ ಅಶ್ವತ್ಥವನ್ನು ನೆಟ್ಟನೆಂಬುದು ಅಲ್ಲಿಯ ಐತಿಹ್ಯ.

ಈಗ ನಾರಣಪ್ಪನ ಭಾರತವನ್ನು ಕೇಳಿದ ಒಬ್ಬ ಗೃಹಸ್ಥ ಈ ಮರದ ಕೆಳಗೆ ನಿಂತಿದ್ದಾನೆಂದುಕೊಳ್ಳಿ. ಅವನಿಗೆ ವಿದುರ ಚೆನ್ನಾಗಿ ಪರಿಚಿತ. ಉದ್ಯೋಗಪರ್ವದಲ್ಲಿ ಕೃಷ್ಣ ಅರಮನೆಗಳನ್ನೆಲ್ಲ ಬಿಟ್ಟು ತನ್ನ ಮನೆಗೆ ಬಂದಾಗ ಮೈಮರೆತು ಸಂಭ್ರಮಪಟ್ಟ ವಿದುರ, ದುರ್ಯೋಧನನ ಹಳಿವಿನ ಮಾತಿಗೆ ರೋಸಿ ತನ್ನ ಬಿಲ್ಲನ್ನೇ ಮುರಿದು ಹಾಕಿದ ವಿದುರ, ಅವನ ಕಣ್ಣ ಮುಂದೆ ಇದ್ದಾನೆ. ಆ ವಿದುರ ಕೊನೆಗೆ ಏನಾದ? ಗದುಗಿನ ಭಾರತ ಉತ್ತರ ಕೊಡುವುದಿಲ್ಲ. ಉತ್ತರವಿರುವುದು ವ್ಯಾಸರ ಆಶ್ರಮವಾಸಿಕ ಪರ್ವದಲ್ಲಿ. ಧೃತರಾಷ್ಟ್ರ, ಗಾಂಧಾರಿ, ಕುಂತಿಯರೊಡನೆ ವಿದುರನೂ ಕಾಡಿಗೆ ಹೋಗಿದ್ದಾನೆ. ಅವರನ್ನು ಕಾಣಲು ಬಂದ ಧರ್ಮರಾಯನಿಗೆ ದೂರದಲ್ಲಿ, ಬತ್ತಲೆಯಾಗಿ, ಎಲುಬಿನ ಗೂಡಾಗಿ, ಮೈಯೆಲ್ಲ ಧೂಳಾದ ಚಿಕ್ಕಪ್ಪ ಕಾಣುತ್ತಾನೆ. ಕಂಡವನು ಹಿಂತಿರುಗಿ ಕಾಡಿನೊಳಗೆ ನಡೆದುಬಿಡುತ್ತಾನೆ. ‘ನಾನು, ನಿನ್ನ ಯುಧಿಷ್ಠಿರ’ ಎಂದು ಕೂಗುತ್ತ ಚಕ್ರವರ್ತಿ ಒಬ್ಬನೇ ಬೆನ್ನಟ್ಟಿ ಓಡುತ್ತಾನೆ. ವಿದುರ ಯಾವುದೋ ಒಂದು ಮರಕ್ಕೆ ಒರಗಿ ನಿಂತು, ರೆಪ್ಪೆ ಮಿಟುಕಿಸದೆ ನೋಡುತ್ತ, ಯೋಗಬಲದಿಂದ ತನ್ನ ಪ್ರಾಣವನ್ನು ಮಗನಂಥವನ ಮೈಯೊಳಗೆ ಸೇರಿಸಿಬಿಡುತ್ತಾನೆ. ದೇಹ ಮಾತ್ರ ಮರಕ್ಕೆ ಒರಗಿದಂತೆಯೇ ಉಳಿಯುತ್ತದೆ. ಭಾಗವತ ಬೇರೆ ಹೇಳುತ್ತದೆ. ವಿದುರ ಪ್ರಭಾಸದಲ್ಲಿ ದೇಹ ಬಿಟ್ಟನೆನ್ನುತ್ತದೆ. ಇರಲಿ. ವ್ಯಾಸರ ಮರಕ್ಕೆ ಹೆಸರಿಲ್ಲ, ನಮ್ಮ ಊರಿನ ಮರಕ್ಕೆ ಹೆಸರಿದೆ. ನಡುವೆ ಕನ್ನಡದ ಕಾವ್ಯದಲ್ಲಿ ಒಂದು ತೆರಪು ಬಿದ್ದಿತ್ತು.

ಆ ತೆರಪನ್ನು ತುಂಬಿದವನು ತಿಮ್ಮಣ್ಣಕವಿ. ೧೫೦೯ರಿಂದ ೧೫೨೯ರವರೆಗೆ ಆಳಿದ ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿದ್ದವನು. ಅದೇ ಅರಸನ ಆಸ್ಥಾನದಲ್ಲಿ ತೆಲುಗಿನಲ್ಲಿ ‘ಪಾರಿಜಾತಾಪಹರಣಮು’ ಬರೆದ ನಂದಿ ತಿಮ್ಮನ ಬೇರೆ, ಈ ಕನ್ನಡದ ತಿಮ್ಮಣ್ಣ ಬೇರೆ. ಎರಡು ನುಡಿಗಳೂ ಬೆರೆತಿರುವ ನಮ್ಮ ಕಡೆ ಇಬ್ಬರನ್ನೂ ಒಬ್ಬನೆಂದು ಭ್ರಮಿಸುವುದು ಸುಲಭವಾದ್ದರಿಂದ ಇದನ್ನು ಹೇಳಿದೆ. ಕುಮಾರವ್ಯಾಸ ಬಿಟ್ಟಲ್ಲಿಂದ, ಎಂದರೆ ಶಾಂತಿಪರ್ವದಿಂದ, ಕೊನೆಯವರೆಗಿನ ಕಥೆಯನ್ನು ಅದೇ ಭಾಮಿನಿ ಷಟ್ಪದಿಯಲ್ಲಿ ತಿಮ್ಮಣ್ಣ ಪೂರೈಸಿದ. ಅರಸನ ಹೆಸರಿನಿಂದ ಅದು ‘ಕೃಷ್ಣರಾಯ ಭಾರತ’ ಎನಿಸಿಕೊಂಡಿತು. ಮೊದಲ ಭಾಗಕ್ಕೂ ಎರಡನೆಯದಕ್ಕೂ ನಡುವೆ ಮುಕ್ಕಾಲು ಶತಮಾನಕ್ಕಿಂತ ಕಡಿಮೆಯಿಲ್ಲದ ಅಂತರ. ಇಷ್ಟು ಕಾದ ಉತ್ತರಭಾಗ ನಮ್ಮ ಸಾಹಿತ್ಯದಲ್ಲಿ ಇನ್ನೊಂದಿರಲಾರದು.

ನಿರೀಕ್ಷೆ ಫಲಿಸಿತೇ? ಕಥೆ ಪೂರ್ತಿಯಾಗಬೇಕೆಂಬ ನಿರೀಕ್ಷೆ ಫಲಿಸಿತು. ನಾರಣಪ್ಪನನ್ನು ಕೇಳಿದ ಕಿವಿಗೆ ಮತ್ತೆ ನಾರಣಪ್ಪನೇ ಬೇಕೆಂಬ ನಿರೀಕ್ಷೆ ಫಲಿಸಲಿಲ್ಲ. ನಾನು ಎರಡನ್ನೂ ಒಂದರ ಹಿಂದೊಂದು ಓದಿದಾಗ ಛಂದಸ್ಸು ಬದಲಾಗಲಿಲ್ಲ, ಕಾಲಿನ ನಡಿಗೆ ಬದಲಾಯಿತು. ರೂಪಕಗಳು ಒಂದರ ಮೇಲೊಂದು ಅಲೆಯಾಗಿ ಏರಿಬರುವುದು ನಿಂತು, ಹೇಳಬೇಕಾದುದನ್ನು ಹೇಳಿ ಮುಂದಕ್ಕೆ ಸಾಗುವ ಗದ್ಯದ ಶ್ರದ್ಧೆ ಕಾಣಿಸಿಕೊಂಡಿತು. ಗಮಕಿಗಳ ನಾಲಗೆಯ ಮೇಲೆ ತಿಮ್ಮಣ್ಣ ನಿಲ್ಲದೆ ಹೋದದ್ದು ಇದರಿಂದಲೇ. ಮಳೆ ಬಾರದಿದ್ದರೆ ನಾರಣಪ್ಪನ ವಿರಾಟಪರ್ವ ಓದಿಸುವ ಊರುಗಳುಂಟು. ಕೃಷ್ಣರಾಯ ಭಾರತವನ್ನು ಯಾವುದಕ್ಕಾದರೂ ಓದಿಸಿದರೆಂದು ನಾನು ಕೇಳಿಲ್ಲ.

ತಿಮ್ಮಣ್ಣನ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಉತ್ತರಭಾಗವನ್ನು ಬರೆಯುವವನ ಪಾಲಿಗೆ ಏನು ಉಳಿದಿತ್ತು? ದ್ಯೂತ, ವಸ್ತ್ರಾಪಹರಣ, ಕೀಚಕವಧೆ, ಉತ್ತರನ ಪೌರುಷ, ಕರ್ಣನ ಸಾವು — ರಸದ ಕೊಪ್ಪರಿಗೆಗಳನ್ನೆಲ್ಲ ಹಿಂದಿನವನೇ ಬರಿದು ಮಾಡಿದ್ದ. ಉಳಿದದ್ದರಲ್ಲಿ ಮೊದಲಿಗೇ ಎದುರಾಗುವುದು ಶಾಂತಿಪರ್ವ, ವ್ಯಾಸಭಾರತದ ಪರ್ವಗಳಲ್ಲೆಲ್ಲ ದೊಡ್ಡದು. ಬಾಣದ ಹಾಸಿಗೆಯ ಮೇಲೆ ಮಲಗಿದ ಒಬ್ಬ ಮುದುಕ ರಾಜಧರ್ಮ, ಆಪದ್ಧರ್ಮ, ಮೋಕ್ಷಧರ್ಮಗಳನ್ನು ಉಪದೇಶಿಸುತ್ತಾನೆ. ಯುದ್ಧವನ್ನು ಕೇಳಿ ರಕ್ತ ಕಾದ ಶ್ರೋತೃವಿಗೆ ಉಪದೇಶವನ್ನು ಬಡಿಸುವ ಕೆಲಸ ಯಾರಿಗೆ ಬೇಕು? ಆದರೂ ಈ ವಾದವನ್ನು ಬಹುದೂರ ಎಳೆಯಲಾಗದು. ಯಾದವರ ನಾಶವೂ, ಧರ್ಮರಾಯನ ಬೆನ್ನಿಗೆ ಬಿದ್ದ ಆ ನಾಯಿಯೂ, ಈಗ ತಾನೆ ಹೇಳಿದ ವಿದುರನ ಸಾವೂ ಉಳಿದವುಗಳಲ್ಲಿಯೇ ಇವೆಯಲ್ಲ! ಜಗತ್ತಿನ ಯಾವ ಕವಿಗೂ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಡ.

ಉತ್ತರಭಾಗ ಎಂದಾಕ್ಷಣ ಅದು ಸೋಲಲೇಬೇಕೆಂಬ ವಿಧಿಯೂ ಇಲ್ಲ. ವಿದುರಾಶ್ವತ್ಥದ ಜಾತ್ರೆಗೆ ಬರುವವರಲ್ಲಿ ಎಷ್ಟೋ ಜನರ ಮನೆಮಾತು ತೆಲುಗು. ಅವರ ಭಾರತವನ್ನು ನೋಡಿ. ಹನ್ನೊಂದನೆಯ ಶತಮಾನದ ನನ್ನಯ ಅರಣ್ಯಪರ್ವದ ನಡುವೆಯೇ ನಿಂತುಹೋದ. ಹದಿಮೂರನೆಯ ಶತಮಾನದ ತಿಕ್ಕನ ವಿರಾಟಪರ್ವದಿಂದ ಹಿಡಿದು ಹದಿನೈದು ಪರ್ವಗಳನ್ನು ಬರೆದ. ಆಮೇಲೆ ಎರ್ರನ ಬಂದು ಅರಣ್ಯಪರ್ವದ ಉಳಿದ ತುಂಡನ್ನು ಬೆಸೆದ. ಎರ್ರನ ಆರಂಭದಲ್ಲಿ ನನ್ನಯನಂತೆ ಬರೆದು ಬರಬರುತ್ತ ತಿಕ್ಕನನ ಧಾಟಿಗೆ ಹೊರಳಿಕೊಂಡನೆಂದು ಆ ನುಡಿಯ ರಸಿಕರು ಮೆಚ್ಚಿ ಹೇಳುತ್ತಾರೆ. ಆ ಭಾಗವನ್ನು ಅವನು ತನ್ನ ಹೆಸರಿಗೆ ಕಟ್ಟಿಕೊಳ್ಳದೆ, ನನ್ನಯನ ಒಡೆಯ ರಾಜರಾಜನರೇಂದ್ರನಿಗೇ ಅರ್ಪಿಸಿದ. ತಿಕ್ಕನನಾದರೋ ಹಿಂದಿನವನ ಹೆಜ್ಜೆಯಲ್ಲಿ ಹೆಜ್ಜೆಯಿಡಲು ಹೋಗಲೇ ಇಲ್ಲ. ಸಂಸ್ಕೃತದ ಭಾರವನ್ನು ಇಳಿಸಿ, ಮಾತಿನ ನಾಟಕೀಯತೆಯನ್ನು ಹಿಡಿದ. ಒಬ್ಬ ಪೂರ್ವಕವಿಯಲ್ಲಿ ಕರಗಿ ಗೆದ್ದ, ಇನ್ನೊಬ್ಬ ಅವನಿಂದ ದೂರ ಸರಿದು ಗೆದ್ದ. ನಮ್ಮ ತಿಮ್ಮಣ್ಣ ಎರಡನ್ನೂ ಮಾಡಲಿಲ್ಲವೆಂದು ನನ್ನ ಎಣಿಕೆ: ನಾರಣಪ್ಪನ ಛಂದಸ್ಸನ್ನು ತೆಗೆದುಕೊಂಡ, ಅದರ ಉಸಿರನ್ನು ತೆಗೆದುಕೊಳ್ಳಲಾಗಲಿಲ್ಲ, ತನ್ನದೇ ಉಸಿರಿಗೆ ಬೇರೆ ಛಂದಸ್ಸನ್ನು ಹುಡುಕಲೂ ಇಲ್ಲ.

ಸಂಸ್ಕೃತದ ಬಾಣನ ‘ಕಾದಂಬರಿ’ಯೂ ನೆನಪಾಗುತ್ತದೆ. ಶಾಪ, ಜನ್ಮಾಂತರ, ಮಾತನಾಡುವ ಗಿಳಿ ಎಲ್ಲವೂ ಇರುವ ಆ ಅದ್ಭುತ ಕಥೆಯನ್ನು ಬಾಣ ಮುಗಿಸದೆ ತೀರಿಕೊಂಡ. ಮಗ ಮುಗಿಸಿದ. ಕವಿತ್ವದ ಗರ್ವದಿಂದಲ್ಲ, ಕಥೆ ಕಡಿದುಹೋದುದಕ್ಕಾಗಿ ಸಜ್ಜನರು ಪಟ್ಟ ದುಃಖವನ್ನು ನೋಡಿ ಬರೆದೆನೆಂದು ಆತ ಮೊದಲೇ ಹೇಳಿಕೊಂಡಿದ್ದಾನೆ. ಸ್ವಾರಸ್ಯವೇನೆಂದರೆ, ನಮ್ಮ ನಾಗವರ್ಮ ಅದನ್ನು ಕನ್ನಡಕ್ಕೆ ತಂದಾಗ ತಂದೆಯ ಭಾಗ, ಮಗನ ಭಾಗ ಎರಡೂ ಒಂದೇ ಕೈಯ ನೇಯ್ಗೆಯಾದವು. ಕನ್ನಡದ ‘ಕರ್ಣಾಟಕ ಕಾದಂಬರಿ’ಯನ್ನು ಮಾತ್ರ ಓದಿದವನಿಗೆ ಹೊಲಿಗೆ ಎಲ್ಲಿ ಬಿದ್ದಿದೆಯೆಂದು ತಿಳಿಯುವುದು ಕಷ್ಟ. ನಮ್ಮ ಕಾಲದಲ್ಲಿಯೂ ಇಂಥದು ನಡೆದಿದೆ. ರಾಬರ್ಟ್ ಜೋರ್ಡನ್ ೨೦೦೭ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತ ಅವನ ಬೃಹತ್ ಕಥಾಮಾಲೆಯನ್ನು ಬ್ರಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕ ೨೦೦೯ರಿಂದ ೨೦೧೩ರೊಳಗೆ ಮೂರು ಸಂಪುಟಗಳಲ್ಲಿ ಮುಗಿಸಿಕೊಟ್ಟ.

ಕನ್ನಡದಲ್ಲಿ ನಿಜವಾಗಿ ಜನರ ಮನಸ್ಸನ್ನು ಗೆದ್ದ ಉತ್ತರಕಥೆ ಯಾವುದು? ಅದು ಯಾರೂ ಕೇಳದೆ ಬಂದದ್ದು — ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’. ಲಕ್ಷ್ಮೀಶ ನಾರಣಪ್ಪನನ್ನು ಪೂರ್ತಿ ಮಾಡುತ್ತೇನೆಂದು ಹೊರಟವನಲ್ಲ. ಯುದ್ಧಾನಂತರದ ಒಂದೇ ಒಂದು ಯಜ್ಞವನ್ನು ಹಿಡಿದ. ಅದನ್ನೂ ವ್ಯಾಸರಿಂದಲ್ಲ, ಜೈಮಿನಿಯ ಹೆಸರಿನ ಬೇರೊಂದು ಭಾರತದಿಂದ ತಂದ. ಛಂದಸ್ಸು ವಾರ್ಧಕ ಷಟ್ಪದಿ. ಸಂಧಿಗಳು ೩೪. ಕುದುರೆ ಹೋದಲ್ಲೆಲ್ಲ ಒಂದೊಂದು ವಿಸ್ಮಯ: ಕಾದ ಎಣ್ಣೆಯ ಕೊಪ್ಪರಿಗೆಯಲ್ಲಿ ಹಾಕಿದರೂ ಬೇಯದ ಸುಧನ್ವ, ಹೆಂಗಸರೇ ಆಳುವ ಪ್ರಮೀಳೆಯ ನಾಡು, ತಂದೆಯ ತಲೆಯನ್ನೇ ಹಾರಿಸುವ ಬಭ್ರುವಾಹನ, ವಿಷವನ್ನು ವಿಷಯೆಯಾಗಿ ಪಡೆದ ಚಂದ್ರಹಾಸ, ನಡುವೆ ಸೀತೆಯ ಪರಿತ್ಯಾಗದ ಕಣ್ಣೀರು. ಕುರುಕ್ಷೇತ್ರದ ಹೆಣಗಳನ್ನು ನೋಡಿ ದಣಿದಿದ್ದ ಕೇಳುಗನಿಗೆ ಅವನು ಇನ್ನೊಂದು ಕುರುಕ್ಷೇತ್ರವನ್ನು ಕೊಡಲಿಲ್ಲ, ಒಂದು ಅದ್ಭುತ ಪ್ರವಾಸವನ್ನು ಕೊಟ್ಟ. ಅಳುವುದನ್ನೂ ನಗುವುದನ್ನೂ ಮತ್ತೆ ಕಲಿಸಿದ. ನಾರಣಪ್ಪನ ಜೊತೆಗೆ ಹಳ್ಳಿಯ ಜಗಲಿಯ ಮೇಲೆ ಸರಿಸಮನಾಗಿ ಕುಳಿತವನು ಲಕ್ಷ್ಮೀಶನೇ.

ಇದಕ್ಕೆ ತೀರ ವಿರುದ್ಧವಾದ ಗೆಲುವೂ ಉಂಟು. ತ. ರಾ. ಸುಬ್ಬರಾಯರು ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂದು ಕಾದಂಬರಿಯ ಮೇಲೆ ಕಾದಂಬರಿಯಾಗಿ ಬರೆಯುತ್ತ ಬಂದಾಗ, ಕಡೆಯ ಮದಕರಿಯ ಪತನವನ್ನು ಅವರಿಂದಲೇ ಕೇಳಬೇಕೆಂದು ಓದುಗರು ಕಾದರು. ೧೭೭೯ರಲ್ಲಿ ದುರ್ಗ ಹೈದರಾಲಿಯ ವಶವಾದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಥೆಯ ಕುತೂಹಲವೆಂಬುದು ಅಲ್ಲಿ ಉಳಿದೇ ಇರಲಿಲ್ಲ. ೧೯೮೨ರಲ್ಲಿ ‘ದುರ್ಗಾಸ್ತಮಾನ’ ಬಂದಿತು. ಗೊತ್ತಿದ್ದ ಸೋಲನ್ನೇ ಜನ ಉಸಿರು ಬಿಗಿಹಿಡಿದು ಓದಿದರು. ಲೇಖಕರು ೧೯೮೪ರಲ್ಲಿ ತೀರಿಕೊಂಡ ಮೇಲೆ, ೧೯೮೫ರಲ್ಲಿ, ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ‘ಮುಂದೇನಾಯಿತು’ ಎಂದು ಕೇಳುವವನಿಗೆ ಬೇಕಾದದ್ದು ಸುದ್ದಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ತಿಮ್ಮಣ್ಣ ಸುದ್ದಿಯನ್ನು ಪ್ರಾಮಾಣಿಕವಾಗಿ ತಂದು ಮುಟ್ಟಿಸಿದ. ಅವನ ಕೇಳುಗರು ಎದುರು ನೋಡಿದ್ದು ಆ ಹಳೆಯ ಕಂಠವನ್ನು.

ಹೀಗೆಂದು ಕೃಷ್ಣರಾಯ ಭಾರತವನ್ನು ಕಪಾಟಿನ ಮೇಲಣ ಹಲಗೆಗೆ ಸೇರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಲಕ್ಷ್ಮೀಶನ ಕುದುರೆ ಆಶ್ರಮವಾಸಿಕದ ಕಾಡಿನ ಕಡೆಗೆ ಹೋಗುವುದಿಲ್ಲ. ನಾರಣಪ್ಪ ಪಟ್ಟಾಭಿಷೇಕದ ಮಂಟಪವನ್ನು ದಾಟಿ ಬರುವುದಿಲ್ಲ. ವಿದುರಾಶ್ವತ್ಥದ ನಾಗರಕಲ್ಲುಗಳ ನಡುವೆ ನಿಂತು, ಬಿಲ್ಲು ಮುರಿದ ಆ ವಿದುರ ಎಲ್ಲಿ ಹೋದನೆಂದು ಕೇಳುವವನು ಗದುಗಿನ ಭಾರತದ ಭಾಮಿನಿಯಲ್ಲಿಯೇ ಉತ್ತರವನ್ನು ಹುಡುಕುವುದಾದರೆ ತಿಮ್ಮಣ್ಣನ ಬಾಗಿಲನ್ನೇ ತಟ್ಟಬೇಕು.