ಬೆಟ್ಟದ ದಾರಿ: ಅಳಿದ ಭಯ, ಉಳಿದ ಎಚ್ಚರ

ದರ್ಶನಕ್ಕೆ ಹೊರಟ ಕುಟುಂಬವು ಕ್ಷೇಮವಾಗಿ ಮನೆ ಸೇರಿದಾಗಲೇ ಯಾತ್ರೆಯು ಪೂರ್ಣಗೊಳ್ಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ಮಟ್ಟಿಗೆ ಈ ಮಾತಿಗೆ ಒಂದು ಕಾಲದಲ್ಲಿ ಬಹಳ ತೂಕವಿದ್ದಿತು.

ವೀರಪ್ಪನ್ ಈ ಅರಣ್ಯಗಳಲ್ಲಿ ಅಡಗಿದ್ದ ವರ್ಷಗಳನ್ನು ಹಿರಿಯರು ಮರೆತಿಲ್ಲ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಮಡಿದರು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು, 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಲಾಯಿತು. ನಾಗಪ್ಪನವರು ಜೀವಂತವಾಗಿ ಮರಳಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಆದರೂ ಎರಡು ಬಗೆಯ ತಪ್ಪೆಣಿಕೆಗಳನ್ನು ನಾವು ಕಾಣುತ್ತೇವೆ. ಕೆಲವು ಮನೆಗಳಲ್ಲಿ ಹಳೆಯ ಭಯವೇ ಉಳಿದು, ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಕಳುಹಿಸಲು ಹಿಂಜರಿಯುತ್ತಾರೆ. ಇನ್ನು ಕೆಲವರು, ಕಳ್ಳನಿಲ್ಲವೆಂದ ಮೇಲೆ ಅಪಾಯವೂ ಇಲ್ಲವೆಂದು ಬಗೆದು ನಡುರಾತ್ರಿಯಲ್ಲಿ ಹೊರಡುತ್ತಾರೆ. ದಾರಿಯನ್ನು ನೆನಪಿನಿಂದ ಅಳೆಯಬಾರದು. ಇಂದಿನ ಸ್ಥಿತಿಯಿಂದ ಅಳೆಯಬೇಕು.

ಇಂದಿನ ಅಪಾಯ ಯಾವುದು? ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಮಾರ್ಗವಾಗಿ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ತಾಳುಬೆಟ್ಟ ದಾಟಿದ ಮೇಲೆ ಏರು, ತಿರುವು, ಕಾಡು. ಇಲ್ಲಿ ಜೀವಕ್ಕೆ ಎರವಾಗುವುವು ಚಾಲಕನ ನಿದ್ದೆ, ಅತಿವೇಗ, ಮಿತಿಮೀರಿದ ಭಾರ. ಬೆಳಗಿನ ಪೂಜೆಗೆ ತಲುಪಬೇಕೆಂದು ಹಗಲೆಲ್ಲ ದುಡಿದ ಚಾಲಕನನ್ನು ರಾತ್ರಿಯೆಲ್ಲ ಓಡಿಸುವುದು ಭಕ್ತಿಯಲ್ಲ. ಸರಕಿನ ವಾಹನದಲ್ಲಿ ಬಂಧುಬಳಗವನ್ನು ತುಂಬುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಯಾವ ಗೇರಿನಲ್ಲಿ ಬೆಟ್ಟವನ್ನು ಹತ್ತುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಅನುಭವಿ ಚಾಲಕರ ನಿಯಮ. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ತಪ್ಪುತ್ತದೆ.

ಈ ಮಲೆಯು 2013ರಿಂದ ವನ್ಯಜೀವಿಧಾಮ. ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಆನೆಗಳು ರಸ್ತೆಯನ್ನು ದಾಟುತ್ತವೆ. ಆನೆ ಕಂಡರೆ ದೂರದಲ್ಲೇ ನಿಲ್ಲಬೇಕು. ಹಾರನ್ ಒತ್ತಬಾರದು, ಕೆಳಗಿಳಿಯಬಾರದು. ಪಾದಯಾತ್ರಿಗಳು ಹಗಲಿನಲ್ಲಿ, ಗುಂಪಾಗಿ ನಡೆಯುವುದು ಲೇಸು. ನೆರೆಯ ಬಂಡೀಪುರದಲ್ಲಿ 2009ರಿಂದ, 27 ತಿರುವುಗಳ ದಿಂಬಂ ಘಟ್ಟದಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಅಂದು ಕಳ್ಳನ ಭಯದಿಂದ ಕತ್ತಲಾಗುವ ಮೊದಲೇ ದಾರಿ ಬರಿದಾಗುತ್ತಿದ್ದಿತು; ಇಂದು ಪ್ರಾಣಿಗಳ ರಕ್ಷಣೆಗಾಗಿ ದಾರಿ ಮುಚ್ಚುತ್ತದೆ. ಕಾರಣ ಬದಲಾಗಿದೆ, ಹಗಲಿನಲ್ಲೇ ಪ್ರಯಾಣ ಮುಗಿಸಬೇಕೆಂಬ ಬುದ್ಧಿ ಬದಲಾಗಿಲ್ಲ.

ಆದುದರಿಂದ ಯಾತ್ರೆಯನ್ನು ನಿಶ್ಚಯಿಸುವ ಯಜಮಾನರು ಮೂರು ವಿಷಯಗಳನ್ನು ವಿಚಾರಿಸಿಕೊಳ್ಳಲಿ: ಘಟ್ಟವನ್ನು ಹತ್ತುವಾಗ ಬೆಳಕಿರುವುದೇ? ವಾಹನ ಸುಸ್ಥಿತಿಯಲ್ಲಿದೆಯೇ? ಚಾಲಕನು ಸಾಕಷ್ಟು ನಿದ್ರಿಸಿರುವನೇ? ಮಳೆಗಾಲದಲ್ಲಿಯೂ ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜನಸಂದಣಿಯಲ್ಲಿಯೂ ಹೊರಡುವ ಮುನ್ನ ಹನೂರು ಅಥವಾ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ದಾರಿಯ ಸ್ಥಿತಿಯನ್ನು ಕೇಳಿ ತಿಳಿಯಲಿ. ನಿತ್ಯ ಆ ಹಾದಿಯಲ್ಲಿ ಓಡಾಡುವ ಬಸ್ ಚಾಲಕನ ಒಂದು ಮಾತು, ಊರಿನಲ್ಲಿ ಕುಳಿತವರ ಹತ್ತು ಊಹೆಗಳಿಗಿಂತ ಮೇಲು. ತುರ್ತಿಗೆ 112 ಮತ್ತು 108 ಸಂಖ್ಯೆಗಳು ಮನೆಯವರೆಲ್ಲರಿಗೂ ತಿಳಿದಿರಲಿ.

ಹಿರಿಯರನ್ನೂ ಮಕ್ಕಳನ್ನೂ ಧೈರ್ಯದಿಂದ ಕರೆದೊಯ್ಯಿರಿ. ಒಂದು ಹೊತ್ತಿನ ದರ್ಶನ ತಡವಾದರೆ ಮಾದಪ್ಪ ಮುನಿಯುವುದಿಲ್ಲ.